ಇಳಿಜಾರಿನಲ್ಲಿ ನಿಲ್ಲಿಸಿದ ವ್ಯಾನು

೨-೧-೧೯೫೮, ಗುರುವಾರ

ಇವತ್ತೂ ಸೆಲ್ಫ್ ಹೊಡೆಯಲಿಲ್ಲ. ಬ್ಯಾಟರಿ ಸತ್ತಿದೆ. ಹ್ಯಾಂಡ್ ಬ್ರೇಕಿನ ಕೇಬಲ್ ತುಂಡಾಗಿ ವರ್ಷವಾಯಿತು. ರೇಡಿಯೇಟರ್ ತೂತಿಗೆ ಬಾರ್ ಸೋಪು ಮೆತ್ತಿದ್ದೇವೆ. "ಇನ್ನೂ ಹತ್ತು ವರ್ಷ ಓಡುತ್ತದೆ, ರೈಟರ್" ಎಂದು ಹೇಳಿ ಬಿಳಿ ದೊರೆ ಈ ವ್ಯಾನನ್ನು ನನ್ನ ಕೊರಳಿಗೆ ಕಟ್ಟಿ ಹಡಗು ಹತ್ತಿದ. ಅವನ ಎಸ್ಟೇಟಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದು ಕೂಡಿಸಿದ್ದೆಲ್ಲ ಇದರ ಹೊಟ್ಟೆಗೆ.

ಡ್ರೈವರ್ ಧರ್ಮಪಾಲನಿಗೆ ಮಾತ್ರ ಬೇಸರವೇ ಇಲ್ಲ. ಸುಳ್ಯದ ಕಡೆಯವನು. ಎಲ್ಲಿ ಹೋದರೂ ಇಳಿಜಾರು ನೋಡಿ ನಿಲ್ಲಿಸುತ್ತಾನೆ, ಚಕ್ರಕ್ಕೆ ಕಲ್ಲು ಕೊಡುತ್ತಾನೆ. ಬೆಳಿಗ್ಗೆ ಕಲ್ಲು ತೆಗೆದು, ಉರುಳಿಸಿ, ಸೆಕೆಂಡ್ ಗೇರ್... ಸ್ಟಾರ್ಟ್! "ಬ್ಯಾಟರಿ ಎಂತಕ್ಕೆ ರೈಟರ್ರೆ? ಮಡಿಕೇರಿಯಲ್ಲಿ ಉಂಟಲ್ಲ ಬೇಕಾದಷ್ಟು ಇಳಿಜಾರು!" ಎನ್ನುತ್ತಾನೆ. ನಗುವುದೋ ಅಳುವುದೋ.

೭-೧-೫೮, ಮಂಗಳವಾರ

ಈಗ ಬ್ರೇಕು. ಹಿಂದಿನ ಚಕ್ರದ ಹತ್ತಿರ ಆಯಿಲ್ ಸೋರುತ್ತಿದೆ. ಮಿಲಿಟರಿ ವರ್ಕ್‌ಶಾಪಿನಲ್ಲಿದ್ದು ಬಂದ ಮೆಕ್ಯಾನಿಕ್ ಉತ್ತಯ್ಯ ವ್ಯಾನಿನಡಿ ಮಲಗಿ, ಎದ್ದು, ಪಟ್ಟಿ ಓದಿದ. ಬ್ರೇಕ್ ಸಿಲಿಂಡರಿನ ರಬ್ಬರು, ಕೇಬಲ್, ಬ್ಯಾಟರಿ — ಇನ್ನೂರ ಮೂವತ್ತು ರೂಪಾಯಿ. ಸಾಮಾನು ಮೈಸೂರಿನಿಂದ ಬರಬೇಕು.

"ಅಲ್ಲಿವರೆಗೆ ಗಾಡಿ ನಿಲ್ಸಿ ಶಾಂತಪ್ಪ."

"ಕಿತ್ತಳೆ ಸೀಸನ್ನಿನಲ್ಲಿ ನಿಲ್ಲಿಸಿ ಉಪವಾಸ ಬೀಳಲಾ?"

ಗೊಣಗಿಕೊಂಡೇ ಹಳೇ ರಬ್ಬರನ್ನು ತೊಳೆದು ಕೂರಿಸಿದ. "ಬ್ರೇಕ್ ಆಯಿಲ್ ಸಿಕ್ದಿದ್ರೆ ಹರಳೆಣ್ಣೆಗೆ ಸ್ಪಿರಿಟ್ ಸೇರ್ಸಿ ಹಾಕಿ. ಯುದ್ಧದಲ್ಲಿ ನಾವು ಹಾಗೇ ಓಡ್ಸಿದ್ದು. ಬೇರೆ ಎಂತದೂ ಹಾಕ್ಬೇಡಿ."

೯-೧-೫೮, ಗುರುವಾರ

ಬ್ರೇಕ್ ಆಯಿಲ್ ಎಲ್ಲೂ ಇಲ್ಲ. ನೆಲ್ಯಹುದಿಕೇರಿಯ ಎರಡು ಅಂಗಡಿಯಲ್ಲೂ ಹರಳೆಣ್ಣೆ ಮುಗಿದಿದೆ. ನಾಳೆ ಮಡಿಕೇರಿ ಸಂತೆ. ಜಗಲಿಯಲ್ಲಿ ನಲವತ್ತು ಬುಟ್ಟಿ ಕಿತ್ತಳೆ. ಅಡುಗೆಮನೆಯಿಂದ ತೆಂಗಿನೆಣ್ಣೆ ತಂದು ಬ್ರೇಕ್ ಆಯಿಲ್ ಡಬ್ಬಿಗೆ ಸುರಿದೆ. ಎಣ್ಣೆ ಎಣ್ಣೆಯೇ ತಾನೆ.

ಧರ್ಮಪಾಲ ಊಟ ಮುಗಿಸಿ ಬಂದ. ಅವನು ಪೆಡಲ್ ತುಳಿದ, ನಾನು ಚಕ್ರದ ಹತ್ತಿರ ನಟ್ಟು ಸಡಿಲಿಸಿ ಬ್ರೇಕ್ ಪೈಪಿನೊಳಗಿನ ಗಾಳಿ ಬಿಟ್ಟೆ. "ಎಂತ ಎಣ್ಣೆ ರೈಟರ್ರೆ?" ಎಂದ. "ಉತ್ತಯ್ಯ ಹೇಳಿದ್ದೇ" ಎಂದೆ. ಉರಿಬಿಸಿಲು. ಬ್ರೇಕು ಹೊಸದರ ಹಾಗೆ ಹಿಡಿಯಿತು. ನಾಲ್ಕು ಗಂಟೆಗೆ ಬುಟ್ಟಿ ಹೇರಿಕೊಂಡು ಹೋದ. ರಾತ್ರಿ ಮಡಿಕೇರಿಯಲ್ಲೇ ಹಾಲ್ಟ್.

೧೦-೧-೫೮

ಅಯ್ಯೋ ದೇವರೇ.

ಹತ್ತು ಗಂಟೆಗೆ ಬಸ್ಸಿನವರು ಸುದ್ದಿ ತಂದರು. ಬೆಳಗಿನ ಆರಕ್ಕೆ ಕಲ್ಲು ತೆಗೆದು ಉರುಳಿಸಿದ್ದಾನೆ. ತಿರುವಿನಲ್ಲಿ ಬ್ರೇಕು ಹಿಡಿಯಲಿಲ್ಲ. ಶಿರಂಗಾಲದಿಂದ ಹಸಿಮೆಣಸಿನಕಾಯಿ ತಂದು ರಸ್ತೆ ಬದಿ ಕೂತಿದ್ದ ಸಿದ್ದಮ್ಮ ಎಂಬ ಹೆಂಗಸು ಅಲ್ಲೇ ಸತ್ತಳು. ಧರ್ಮಪಾಲ ಪೊಲೀಸ್ ಸ್ಟೇಷನ್ನಿನಲ್ಲಿ.

೧೨-೧-೫೮, ಭಾನುವಾರ

ನಿನ್ನೆ ಮಡಿಕೇರಿಗೆ ಹೋಗಿದ್ದೆ. ಮೋಟಾರ್ ಇನ್‌ಸ್ಪೆಕ್ಟರು ಬಂದಾಗ ಮಧ್ಯಾಹ್ನ ಒಂದು ಗಂಟೆ. ವ್ಯಾನು ಸ್ಟೇಷನ್ ಮುಂದೆ ಬಿಸಿಲಿನಲ್ಲಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಪೊಲೀಸರಿಂದ ತಳ್ಳಿಸಿ ಮೂರು ಸಲ ತುಳಿದು ನೋಡಿದರು. ಮೂರು ಸಲವೂ ಹಿಡಿಯಿತು. "ಬ್ರೇಕ್ ಸರಿಯಾಗಿದೆ. ಡ್ರೈವರ್ ನಿದ್ದೆಗಣ್ಣಲ್ಲಿದ್ದ" ಎಂದು ಬರೆದುಕೊಂಡರು.

"ಇಲ್ಲ ಸಾರ್, ಪೆಡಲ್ ಕಲ್ಲಿನ ಹಾಗೆ ಇತ್ತು! ಎರಡೂ ಕಾಲಲ್ಲಿ ತುಳಿದೆ, ಒಂದಿಂಚು ಇಳೀಲಿಲ್ಲ!" ಎಂದು ಧರ್ಮಪಾಲ ಅತ್ತ.

ನನಗೆ ರೇಗಿತು. "ಕಣ್ಣೆದುರಿಗೇ ಹಿಡಿಯುತ್ತಿದೆ, ಸುಳ್ಳು ಯಾಕೋ ಹೇಳುತ್ತೀಯ?" ಎಂದು ಎಲ್ಲರೆದುರು ಬೈದೆ.

೧೩-೧-೫೮, ಬೆಳಿಗ್ಗೆ

ಚಳಿ. ಹೆಂಡತಿ ವನಜಮ್ಮ ತಲೆ ಬಾಚಲು ಕೂತಿದ್ದಳು. "ಎಣ್ಣೆ ಗಟ್ಟಿಯಾಗ್ಬಿಟ್ಟೈತೆ ಕಣ್ರೀ. ಆ ಬಾಟ್ಲಿ ಒಸಿ ಒಲೆ ಮುಂದೆ ಇಡಿ" ಎಂದಳು.

ಬಾಟ್ಲಿ ಕೈಗೆತ್ತಿಕೊಂಡೆ. ಬೋರಲು ಹಾಕಿದೆ. ಒಂದು ತೊಟ್ಟೂ ಇಳಿಯಲಿಲ್ಲ.

ಚಳಿಗಾಲದಲ್ಲಿ ಇಲ್ಲಿ ಪ್ರತಿ ಮನೆಯಲ್ಲೂ ತೆಂಗಿನೆಣ್ಣೆ ಹೀಗೆ ಬೆಣ್ಣೆಯಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಮಡಿಕೇರಿಯ ರಾತ್ರಿಗೆ ಪೈಪಿನೊಳಗೆ ಹೆಪ್ಪುಗಟ್ಟಿದೆ. ಮಧ್ಯಾಹ್ನದ ಬಿಸಿಲಿಗೆ ಕರಗಿ ನೀರಾಗಿದೆ. ಇನ್‌ಸ್ಪೆಕ್ಟರು ಸುಳ್ಳು ಹೇಳಲಿಲ್ಲ. ಧರ್ಮಪಾಲನೂ ಹೇಳಲಿಲ್ಲ. ಸುಳ್ಳು ಹೇಳಿದವನು ನಾನೊಬ್ಬನೇ.

೨೨-೧-೫೮, ಬುಧವಾರ

ಒಂಬತ್ತು ದಿನ ಈ ಪುಸ್ತಕ ಮುಟ್ಟಲಿಲ್ಲ.

ಮೊನ್ನೆ ಪೊಲೀಸರು ವ್ಯಾನು ಬಿಟ್ಟುಕೊಟ್ಟರು. ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದೆ. ಬಂದವನು ಕೈಕಾಲು ಸಹ ತೊಳೆಯದೆ ನಟ್ಟು ಬಿಚ್ಚಿ ಅಷ್ಟೂ ಎಣ್ಣೆಯನ್ನು ಹಿತ್ತಲ ಮಣ್ಣಿಗೆ ಬಸಿದೆ. ಯಾಕೆ ಬಸಿದೆ ಎಂದು ನನ್ನನ್ನೇ ಕೇಳಿಕೊಳ್ಳುವ ಧೈರ್ಯವಿಲ್ಲ.

ಇವತ್ತು ಉತ್ತಯ್ಯ ಮೈಸೂರಿನ ಸಾಮಾನು ಹಿಡಿದು ಬಂದ. "ಎಂತ ಎಣ್ಣೆ ಹಾಕಿದ್ರಿ?"

"ಹರಳೆಣ್ಣೆ."

ಸಾಮಾನು ಕೆಳಗಿಟ್ಟು ಹೋದ. ಕಾಫಿಯನ್ನೂ ಕುಡಿಯಲಿಲ್ಲ.

೨೭-೧-೫೮, ಸೋಮವಾರ

ಹೇಳಿಯೇಬಿಡುತ್ತೇನೆಂದು ಜೈಲಿಗೆ ಹೋದೆ. ಧರ್ಮಪಾಲ ಅರ್ಧಕ್ಕೆ ಇಳಿದಿದ್ದಾನೆ. ನಾನು ಬಾಯಿ ತೆರೆಯುವ ಮೊದಲೇ ಅವನು ಶುರು ಮಾಡಿದ.

"ಯೋಚನೆ ಮಾಡಿ ಮಾಡಿ ನೋಡಿದೆ ರೈಟರ್ರೆ. ನಾನು ಕ್ಲಚ್ ತುಳಿದದ್ದೋ ಎಂತದೋ. ನಿದ್ದೆ ಇದ್ದಿರ್ಬೇಕು. ನೀವು ಸುಮ್ಮನೆ ಬೈಯುವ ಜನ ಅಲ್ಲ. ನಾಳೆ ಕೋರ್ಟಲ್ಲಿ ತಪ್ಪು ಒಪ್ಪಿಕೊಳ್ತೇನೆ."

ಇಲ್ಲ, ಹಾಗಲ್ಲ ಎನ್ನಬೇಕಿತ್ತು. ಎರಡೇ ಮಾತು. "ಬೀಡಿ ಬೇಕಾ?" ಎಂದು ಕೇಳಿದೆ. ಥೂ, ನನ್ನ ಜನ್ಮಕ್ಕಿಷ್ಟು!

"ನನ್ನ ಕೈಯಿಂದ ಒಂದು ಜೀವ ಹೋಯ್ತು ರೈಟರ್ರೆ. ಇನ್ನು ಸ್ಟೇರಿಂಗ್ ಮುಟ್ಟುದಿಲ್ಲ" ಎಂದ. ಆ ಮಾತು ಕೇಳಿಕೊಂಡೇ ಎದ್ದು ಬಂದೆ.

೨೮-೧-೫೮, ಬೆಳಿಗ್ಗೆ ಆರೂವರೆ

ವನಜಳಿಗೆ ಎಲ್ಲ ಹೇಳಿದೆ. ಅತ್ತಳು. "ಅವ್ನೇ ಒಪ್ಕೊಂಡ್ಮೇಲೆ ನೀವ್ಯಾಕ್ರೀ ಹೋಗಿ ತಲೆ ಕೊಡ್ತೀರಾ?" ಎಂದಳು. ಆಮೇಲೆ ತಾನೇ ಹೋಗಿ ಪೆಟ್ಟಿಗೆಯಿಂದ ನನ್ನ ಕರಿ ಕೋಟು ತೆಗೆದು ಕುರ್ಚಿಯ ಮೇಲೆ ಇಟ್ಟಳು.

ಕೋರ್ಟು ಹನ್ನೊಂದಕ್ಕೆ. ಏಳರ ಬಸ್ಸು ಬಿಟ್ಟರೆ ಇನ್ನೊಂದು ಮಧ್ಯಾಹ್ನವೇ. ಅಷ್ಟರೊಳಗೆ ಅವನು ಒಪ್ಪಿಕೊಂಡಾಗಿರುತ್ತದೆ.

ಕೋಟು ಹಾಕಿಕೊಂಡಿದ್ದೇನೆ. ಚಪ್ಪಲಿಯೂ ಆಯಿತು. ಹೇಳುವುದನ್ನು ತಪ್ಪಿಲ್ಲದೆ ಹೇಳಬೇಕಲ್ಲ, ಅದಕ್ಕೇ ಒಮ್ಮೆ ಬರೆದು ನೋಡುತ್ತಿದ್ದೇನೆ.

ಹಾರ್ನ್ ಆಯಿತು. ಇವತ್ತು ಐದು ನಿಮಿಷ ಮೊದಲೇ ಬಂದಿದೆ. ವನಜ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ — "ರೀ, ಬಸ್ಸು!" ಕಂಡಕ್ಟರಿಗೆ ಕೈ ತೋರಿಸಿ ನಿಲ್ಲಿಸಿದ್ದಾಳೆ. ಬಂದೆ. ಈ ಒಂದು ಸಾಲು ಮುಗಿಸಿ ಬಂದೆ. ಸೀಟಿ ಊದಿದ. ಇನ್ನೊಮ್ಮೆ ಊದಿದ. ನಾನಿನ್ನೂ ಬರೆಯುತ್ತಲೇ