ಅಮ್ಮನ ಕೋಣೆಗೆ ಬಿಳಿ ಬಣ್ಣ

ಅಕ್ಟೋಬರ್ 12, ಸೋಮವಾರ

ಗೋಡೆಗೆ ಎರಡನೇ ಕೋಟ್ ಮುಗಿಯಿತು. ಕೂದಲಲ್ಲಿ ಬಣ್ಣ, ಕನ್ನಡಕದ ಮೇಲೆ ಬಣ್ಣ, ಟೀಯಲ್ಲೂ ಒಂದು ಹನಿ. ಹಾಗೇ ಕುಡಿದೆ.

ಬುಧವಾರ ಅಮ್ಮ ಬರುತ್ತಾಳೆ. ಅಷ್ಟರೊಳಗೆ ಕೋಣೆ ಸಿದ್ಧ ಆಗಲೇಬೇಕು. ಹಲ್ಲು ಕಟ್ಟುವ ಲ್ಯಾಬಿಗೆ ವಾರ ಪೂರ್ತಿ ರಜೆ ಹಾಕಿದ್ದೇನೆ. ಹಲ್ಲಿನ ಡಾಕ್ಟರುಗಳು ಕಾಯಲಿ. ಪಾಪ, ಅವರ ಪೇಷೆಂಟುಗಳೂ...

ಅಮ್ಮನ ಕಣ್ಣಿನ ನಡುವಿನ ನೋಟ ಹೋಗಿದೆ. ನೇರ ನೋಡಿದರೆ ಮಸಿ ಮೆತ್ತಿದ ಹಾಗಂತೆ. ಓರೆಯಾಗಿ ನೋಡಿದರೆ ಅಷ್ಟಿಷ್ಟು ಕಾಣುತ್ತೆ. ಹೋಗಿದ್ದು ವಾಪಸ್ ಬರಲ್ಲ ಅಂತ ಕಣ್ಣಿನ ಡಾಕ್ಟರು ಅಂದಿದ್ದಾರೆ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಹೋದ ತಿಂಗಳು ಒಲೆ ಮೇಲೆ ಖಾಲಿ ಪಾತ್ರೆ ಇಟ್ಟಿದ್ದಳು. ಕಟ್ಟಡದವರೆಲ್ಲ ಹೊಗೆ ನೋಡಿ ಓಡಿಬಂದ ಮೇಲೆ ಮನೆ ಬಿಡಲು ಒಪ್ಪಿದಳು. ಎಲ್ಲಿಗೆ ಹೋಗುವುದು ಅನ್ನುವುದು ಮಾತ್ರ ತೀರ್ಮಾನ ಆಗಿಲ್ಲ. ನನ್ನ ಪ್ರಕಾರ ಇಲ್ಲಿಗೆ. ತಂಗಿಯ ಪ್ರಕಾರ ಅವಳ ಊರಿನ ವೃದ್ಧಾಶ್ರಮಕ್ಕೆ. ಅಲ್ಲಿ ಒಂದು ಕೋಣೆ ಖಾಲಿ ಆಗಿದೆಯಂತೆ.

ಬೆಳಿಗ್ಗೆ ಫೋನು.

"ಅಕ್ಕಾ, ಅಲ್ಲಿ ಹಗಲೂ ರಾತ್ರಿ ನೋಡ್ಕೊಳ್ಳೋರು ಇರ್ತಾರೆ. ನೀನು ಬೆಳಿಗ್ಗೆ ಹೋದ್ರೆ ಸಂಜೆ ಬರೋಳು."

"ಅಮ್ಮ ಏನಂದ್ಲು?"

"ನಿಮ್ಮನೇಲಿ ನಾಲ್ಕು ದಿನ ಇದ್ದು ನೋಡ್ತಾಳಂತೆ. ಭಾನುವಾರದ ತನಕ ಕೋಣೆ ಹಿಡಿದಿಟ್ಟಿರ್ತಾರೆ. ಅವತ್ತು ಕಾರು ತರ್ತೀನಿ. ಬರ್ತೀನಿ ಅಂದ್ರೆ ಕರ್ಕೊಂಡು ಹೋಗ್ತೀನಿ, ನೀನು ಅಡ್ಡ ಬರಬಾರ್ದು."

ಬರಲ್ಲ ಅಂದೆ. ಅಡ್ಡ ಬರುವ ಪ್ರಮೇಯವೇ ಇರಲ್ಲ. ಕೋಣೆ ನೋಡಿದರೆ ಸಾಕು, ಅಮ್ಮ ಅಲ್ಲಾಡಲ್ಲ.

ಅಕ್ಟೋಬರ್ 13, ಮಂಗಳವಾರ

ಬಾಗಿಲು, ಚೌಕಟ್ಟು, ಬೀರು — ಎಲ್ಲಕ್ಕೂ ಬಿಳಿ. ಮಂಚಕ್ಕೂ.

ಬಿಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹಲ್ಲು ಕಟ್ಟುವುದೇ ಕಸುಬು. ಮೊಸರಿನ ಬಿಳಿ ಬೇರೆ, ಮೊಟ್ಟೆಯ ಬಿಳಿ ಬೇರೆ, ಸಿಗರೇಟು ಸೇದುವವರ ಬಿಳಿ ಬೇರೆ. ಹೊಸ ಹಲ್ಲು ಪಕ್ಕದ ಹಳೇ ಹಲ್ಲಿಗೆ ಬೆರೆತು ಹೋಗಬೇಕು. ಅಂಚು ಕಾಣಬಾರದು. ಅಂಚು ಕಂಡರೆ ಆ ಹಲ್ಲು ವಾಪಸ್ ಬರುತ್ತೆ, ಜೊತೆಗೆ ಬೈಗುಳವೂ. ಹಾಗಾಗಿ ಗೋಡೆ, ಬಾಗಿಲು, ಸ್ವಿಚ್ಚು, ಹಾಸಿಗೆ ಬಟ್ಟೆ, ಪರದೆ ಎಲ್ಲ ಒಂದೇ ಶೇಡ್ ಮಾಡಿದ್ದೇನೆ. ಅಂಗಡಿಯಲ್ಲಿ ಕೂತು ಮೂರು ಸಲ ಬಣ್ಣ ಬೆರೆಸಿದ್ದು. ಅಂಗಡಿಯವನು ನಾಲ್ಕನೇ ಸಲ ನನ್ನನ್ನು ಕಂಡು ಒಳಗೆ ಹೋಗಿಬಿಟ್ಟ.

ಬಿಳಿ ಅಂದರೆ ಬೆಳಕು. ಬೆಳಕಿದ್ದರೆ ಅಮ್ಮನಿಗೆ ಕಾಣುತ್ತೆ. ಸರಳ ಲೆಕ್ಕ.

ಇವರು ಪರದೆ ಸಿಕ್ಕಿಸುತ್ತಾ, "ಆಸ್ಪತ್ರೆ ಥರ ಆಗಿದೆ ಕಣೆ" ಅಂದರು.

"ನಿಮ್ಮನ್ನ ಕೇಳಿದ್ನಾ?"

ಕೇಳಿಲ್ಲ ಅಂತ ಒಪ್ಪಿಕೊಂಡು ಏಣಿ ಇಳಿದರು. ಒಳ್ಳೇ ಮನುಷ್ಯ.

ಬೇಕರಿ ಫೋನ್ ಮಾಡಿದಳು. ಸ್ಕೂಲಿನಿಂದಲೂ ಗೆಳತಿ, ಈಗ ಸ್ವಂತ ಬೇಕರಿ, ಹೆಸರೂ ಅದೇ ಆಗಿಹೋಗಿದೆ. ಶನಿವಾರ ಬೆಟ್ಟಕ್ಕೆ ಬರ್ತೀಯಾ ಅಂತ. ಪ್ರತಿ ವರ್ಷ ಎಲೆ ಹಣ್ಣಾದಾಗ ನಾನು, ಅವಳು, ಡ್ರೈವರಣ್ಣ ಮೂವರೂ ಹತ್ತುತ್ತೇವೆ. ಡ್ರೈವರಣ್ಣ ಬಸ್ಸು ಓಡಿಸಿ ರಿಟೈರ್ ಆದವರು, ಬೆಟ್ಟದಲ್ಲೂ ತಿರುವು ಬಂದಾಗ ಕೈ ಚಾಚಿ ತೋರಿಸುತ್ತಾರೆ. ಈ ವರ್ಷ ಆಗಲ್ಲ ಅಂದೆ. ಅಮ್ಮ ಇರ್ತಾಳಲ್ಲ.

ಅಕ್ಟೋಬರ್ 14, ಬುಧವಾರ

ಬಂದಳು. ಒಂದೇ ಬ್ಯಾಗು. ಕತ್ತಿನಲ್ಲಿ ಹಳೇ ವಿಸಿಲ್. ಮೂವತ್ತು ವರ್ಷ ಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು, ಬಿಡುವುದಿಲ್ಲ.

ಕೋಣೆ ತೋರಿಸಿದೆ. ಹೊಸ್ತಿಲಲ್ಲೇ ನಿಂತಳು. ಕೋಳಿ ಹಾಗೆ ತಲೆ ಓರೆ ಮಾಡಿ ಆಚೆ ಈಚೆ ನೋಡಿದಳು.

"ಚೆನ್ನಾಗಿದೆ. ತುಂಬಾ ಕಷ್ಟಪಟ್ಟಿದೀಯ."

ಅಷ್ಟೇ. ಬ್ಯಾಗು ಬಿಚ್ಚಲಿಲ್ಲ. ಬಟ್ಟೆ ಬೀರುವಿಗಿಡಲಾ ಅಂದೆ. "ಇರಲಿ ಬಿಡು, ನಾಲ್ಕು ದಿನಕ್ಕೇನು" ಅಂದಳು. ಸೀರೆ ತೆಗೆದು ಉಟ್ಟು, ಬಿಟ್ಟಿದ್ದನ್ನು ಮಡಚಿ ಮತ್ತೆ ಬ್ಯಾಗಿಗೇ.

ಸುಸ್ತಾಗಿರಬೇಕು. ನಾಳೆ ಸರಿಹೋಗುತ್ತೆ.

ಅಕ್ಟೋಬರ್ 16, ಶುಕ್ರವಾರ, ಬೆಳಿಗ್ಗೆ 6

ನಿನ್ನೆ ಬರೆಯಲಿಲ್ಲ. ಬರೆಯುವ ಮನಸ್ಸಿರಲಿಲ್ಲ.

ಅಮ್ಮನ ಹಣೆ ಒಡೆಯಿತು. ಬೀರುವಿನ ಬಾಗಿಲು ಅರ್ಧ ತೆರೆದಿತ್ತು, ಬಿಳಿ ಗೋಡೆಯ ಮುಂದೆ ಬಿಳಿ ಬಾಗಿಲು. ನೇರ ಹೋಗಿ ಅದರ ಅಂಚಿಗೆ. ಎರಡು ಹೊಲಿಗೆ. ಅದಕ್ಕೂ ಮುಂಚೆ ಹಾಸಿಗೆ ತುದಿ ಇನ್ನೂ ಇದೆ ಅಂದುಕೊಂಡು ಕೂತು ನೆಲಕ್ಕೆ ಜಾರಿದ್ದಳಂತೆ — ಇದನ್ನು ಹೇಳಿದ್ದು ನನ್ನ ಮಗಳು. ಅಮ್ಮ ನನಗೆ ಹೇಳಬೇಡ ಅಂದಿದ್ದಳಂತೆ. ಸ್ವಿಚ್ಚು ಹುಡುಕಿ ಹುಡುಕಿ ಗೋಡೆ ತುಂಬಾ ಬೆರಳಿನ ಗುರುತು.

ಆಸ್ಪತ್ರೆಯಿಂದ ಬಂದವಳು ಕೋಣೆಗೆ ಹೋಗಲೇ ಇಲ್ಲ. ನಡುಮನೆಯ ಹಸಿರು ಕುರ್ಚಿಯಲ್ಲಿ ಕೂತಳು. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ.

"ಯಾಕಜ್ಜಿ, ಕೋಣೆ ಇಷ್ಟ ಆಗ್ಲಿಲ್ವಾ?" ಮಗಳು ಕೇಳಿದಳು.

"ಹಾಲಿಗೆ ಬಿದ್ದ ಸಕ್ಕರೆ ಥರ ಇದೀನಿ ಪುಟ್ಟಾ ಅಲ್ಲಿ. ಗೋಡೆ ಎಲ್ಲಿ ಮುಗೀತು, ನಾನೆಲ್ಲಿ ಶುರು ಆದೆ ಗೊತ್ತಾಗ್ತಿಲ್ಲ."

ನನಗೆ ಸಿಟ್ಟು ಬಂತು. ಹೌದು, ಸಿಟ್ಟೇ. ಬೆನ್ನು ಬಿದ್ದುಹೋಗುವ ಹಾಗೆ ಕೆಲಸ ಮಾಡಿದವಳು ನಾನು. "ಬುಧವಾರವೇ ಹೇಳ್ಬಾರ್ದಿತ್ತಾ?" ಅಂತ ಜೋರು ಮಾಡಿದೆ. ಹಣೆಗೆ ಪಟ್ಟಿ ಕಟ್ಟಿಕೊಂಡವಳ ಮೇಲೆ! ಆಮೇಲೆ ತಂಗಿಯ ಫೋನು ಬಂದಾಗ ನನ್ನೆದುರೇ ಹೇಳಿದಳು —

"ಭಾನುವಾರ ಬಾ. ನಾನು ರೆಡಿ ಇರ್ತೀನಿ."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅದೇ ದಿನ, ಸಂಜೆ

ಬೇಕರಿ ಬನ್ನು ಹಿಡಿದು ನೋಡಲು ಬಂದಳು. ಅಮ್ಮನನ್ನು ಕಂಡ ಕೂಡಲೇ ಬೆನ್ನು ನೆಟ್ಟಗಾಯಿತು. ಐವತ್ತು ಹತ್ತಿರ ಬಂದರೂ ಭಯ ಹೋಗಿಲ್ಲ.

"ನಮಸ್ತೆ ಮಿಸ್."

"ತೂಕ ಹಾಕಿದೀಯ. ಹೆಜ್ಜೆ ಕೇಳಿದ್ರೇ ಗೊತ್ತಾಗುತ್ತೆ."

"ಬೇಕರಿ ಮಿಸ್..."

"ಬೆಟ್ಟ ಹತ್ತೋದು ಬಿಟ್ಟಿಲ್ಲ ತಾನೆ?"

"ನಾಳೆ ಹೋಗ್ತಿದೀವಿ ಮಿಸ್. ಇವಳು ಬರಲ್ವಂತೆ."

"ಬರ್ತಾಳೆ. ನಾನೂ ಬರ್ತೀನಿ."

ನಾನು ಬಾಯಿ ತೆರೆದೆ. ಹೊಲಿಗೆ, ಬಿಪಿ, ಕಲ್ಲು, ಮುಳ್ಳು, ಒಂದೊಂದಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು.

"ಆಯ್ತಾ? ಭಾನುವಾರದ ಮೇಲೆ ನನ್ನನ್ನ ಯಾರು ಬೆಟ್ಟಕ್ಕೆ ಕರ್ಕೊಂಡು ಹೋಗ್ತಾರೆ? ಷೂ ಹುಡುಕಿ ಕೊಡು."

ಅಕ್ಟೋಬರ್ 17, ಶನಿವಾರ, ಮಧ್ಯಾಹ್ನ

ಬಣ್ಣದ ಅಂಗಡಿ ಊಟಕ್ಕೆ ಮುಚ್ಚಿದೆ. ಕಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ಹಿಂದಿನ ಸೀಟಿನಲ್ಲಿ ಅಮ್ಮ, ಕಾಲು ಚಾಚಿ, ಬನ್ನು ತಿನ್ನುತ್ತಾ. ಮರೆಯುವ ಮುಂಚೆ ಬರೆದುಬಿಡಬೇಕು.

ಬೆಟ್ಟದ ಬುಡದಿಂದ ಅವಳ ತೋಳು ಹಿಡಿದುಕೊಂಡೇ ಹೊರಟೆ. ಹತ್ತು ಹೆಜ್ಜೆಗೇ ಕೊಡವಿದಳು.

"ಕೈ ಬಿಡೇ. ನಾನೇನು ಸಾಮಾನಿನ ಚೀಲಾನಾ?"

ಬಿಟ್ಟೆ. ಉಸಿರು ಬಿಗಿಹಿಡಿದು ಹಿಂದೆ ಹಿಂದೆ. ಅವಳು ನಡೆದಳು. ತಡವರಿಸಲಿಲ್ಲ, ಎಡವಲಿಲ್ಲ! ಮನೆಯಲ್ಲಿ ಬಾಗಿಲು ಸಿಗದವಳು ಬೆಟ್ಟದ ದಾರಿಯಲ್ಲಿ ತಲೆ ಒಂದಿಷ್ಟು ಓರೆ ಮಾಡಿಕೊಂಡು, ಡ್ರೈವರಣ್ಣನ ಹಿಂದೆ ನೆಟ್ಟಗೆ. ತಿರುವಿನಲ್ಲಿ ಅವರು ಕೈ ಚಾಚುವ ಮೊದಲೇ ತಿರುಗಿದಳು.

"ಅಮ್ಮಾ, ಕಾಣ್ತಿದ್ಯಾ?"

"ದಾರಿ ಕಾಣ್ತಿದೆ. ಎರಡು ಕಡೆ ಹಳದಿ ಎಲೆ ರಾಶಿ ಬಿದ್ದಿದೆ, ನಡುವೆ ಕಪ್ಪು ಮಣ್ಣು. ಸುಣ್ಣದ ಗೆರೆ ಹಾಕಿದ ಟ್ರ್ಯಾಕ್ ಇದ್ದ ಹಾಗಿದೆ. ಇಷ್ಟು ಸಾಕಲ್ಲ ನಂಗೆ."

ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬೇಕರಿ ಬಂದು ಗುದ್ದಿದಳು.

"ಮಣ್ಣು ಕಪ್ಪಗಿರೋದ್ರಿಂದ ತಾನೇ ಸುಣ್ಣದ ಗೆರೆ ಕಾಣೋದು?" ಅಮ್ಮ ತಿರುಗದೇ ಹೇಳಿದಳು. "ಸುಣ್ಣದ ನೆಲದ ಮೇಲೆ ಸುಣ್ಣದ ಗೆರೆ ಎಳೆದ್ರೆ ಮಕ್ಕಳು ಎಲ್ಲಿ ಓಡ್ಬೇಕು?"

"ಇದನ್ನ ಬುಧವಾರ ಯಾಕೆ ಹೇಳ್ಲಿಲ್ಲ?"

"ಏಣಿ ಹತ್ತಿ ಹತ್ತಿ ಸೊಂಟ ಹಿಡ್ಕೊಂಡು ನಿಂತಿದ್ದೆ ನೀನು. ಹಲ್ಲು ಬಿಟ್ಕೊಂಡು ಕಾಯ್ತಿದ್ದೆ, ಹೊಗಳ್ತೀನಿ ಅಂತ. ಹೇಗೆ ಹೇಳ್ಲಿ?" ಅಡ್ಡ ಬಿದ್ದ ಕೊಂಬೆಯೊಂದನ್ನು ದಾಟಿ, "ಕೋಣೆ ಸರಿಯಿಲ್ಲ ಅಂದ್ರೆ ನಿನಗೆ ನೋವು. ಅಲ್ಲೇ ಇದ್ದು ದಿನಾ ಎಡವಿದ್ರೆ ಇನ್ನೂ ನೋವು. ಹೋಗಿಬಿಡೋದು ವಾಸಿ ಅನ್ನಿಸ್ತು."

ನಾನು ಅಂಚು ಮುಚ್ಚುವವಳು. ಅದರಲ್ಲೇ ನನ್ನ ಅನ್ನ. ಅಮ್ಮ ಅಂಚು ಹಿಡಿದುಕೊಂಡೇ ಬದುಕುತ್ತಿದ್ದಾಳೆ. ಅವಳಿಗೆ ಉಳಿದಿರುವುದೇ ಅದು. ಅದನ್ನೆಲ್ಲ ಒಂದೊಂದಾಗಿ ಹುಡುಕಿ, ಒರೆಸಿ, ಮೇಲೆ ಎರಡು ಕೋಟ್ ಬಳಿದಿದ್ದೇನೆ. ಎಷ್ಟು ಪ್ರೀತಿಯಿಂದ!

ತುದಿಯಲ್ಲಿ ಬಂಡೆ ಮೇಲೆ ಕೂತಾಗ ಹೇಳಿದೆ. "ನಾಳೆ ಸಂಜೆ ತನಕ ಟೈಮ್ ಕೊಡು. ಕೋಣೆ ಬದಲಾಯಿಸ್ತೀನಿ. ಆಮೇಲೂ ಹೋಗ್ಬೇಕು ಅನ್ನಿಸಿದ್ರೆ ನಾನೇ ಬ್ಯಾಗ್ ಹೊತ್ತು ಕಾರಿಗಿಡ್ತೀನಿ."

"ಒಂದು ದಿನದಲ್ಲಿ ಆಗುತ್ತಾ?"

"ಆಗುತ್ತೆ."

"ಮಿಸ್, ನಾವೂ ಬರ್ತೀವಿ," ಬೇಕರಿ ಅಂದಳು.

ಅಮ್ಮ ವಿಸಿಲ್ ಊದಿದಳು. ಕೆಳಗಿನ ದಾರಿಯಲ್ಲಿ ಹೋಗುತ್ತಿದ್ದವರೆಲ್ಲ ಗಾಬರಿಯಾಗಿ ನಿಂತರು.

ಅಂಗಡಿ ತೆರೆಯಿತು. ಹೋಗಬೇಕು. ಅಂಗಡಿಯವನು ನನ್ನನ್ನು ನೋಡಿಬಿಟ್ಟ, ಈ ಸಲ ಎಲ್ಲಿ ಓಡುತ್ತಾನೋ ನೋಡೋಣ.

ಶನಿವಾರ, ಸಂಜೆ

ಬಣ್ಣ ಅಮ್ಮನೇ ಆರಿಸಿದಳು. ಕಾರ್ಡುಗಳನ್ನು ಕಣ್ಣಿನ ಪಕ್ಕ ಹಿಡಿದು, ಬಾಗಿಲ ಬೆಳಕಿಗೆ ಹೋಗಿ. ಬಾಗಿಲಿಗೂ ಚೌಕಟ್ಟಿಗೂ ಕಡು ನೀಲಿ. ಸ್ವಿಚ್ಚಿನ ಸುತ್ತ ಕೆಂಪು. ಮಂಚಕ್ಕೆ ಕಂದು. ಬೀರುವಿನ ಬಾಗಿಲ ಅಂಚಿಗೆ ಅಂಗೈ ಅಗಲದ ಹಳದಿ ಪಟ್ಟಿ. "ನನ್ನ ಹಣೆ ಒಡೆದದ್ದು ಅದೇ, ಅದು ದೂರದಿಂದಲೇ ಕಾಣ್ಬೇಕು."

ಇವರು ಡಬ್ಬಗಳನ್ನು ಒಂದೊಂದಾಗಿ ತೆರೆದು ನೋಡಿ, "ಮನೆಯೋ ಸರ್ಕಸ್ಸೋ?" ಅಂದರು. ಅಂದು ಬ್ರಷ್ ತಗೊಂಡರು.

ಬಣ್ಣ ಅಂಚು ದಾಟದಂತೆ ಅಂಟಿಸುವ ಮಾಸ್ಕಿಂಗ್ ಟೇಪ್ ಮಾತ್ರ ನನ್ನ ಕೈಗೆ ಕೊಡಲಿಲ್ಲ ಅಮ್ಮ. ಚೌಕಟ್ಟಿನ ಅಂಚನ್ನು ಹೆಬ್ಬೆರಳಲ್ಲಿ ಹಿಡಿದು, ಹಿಂದೆ ಹಿಂದೆ ಸರಿಯುತ್ತಾ, ಒಂದೇ ಎಳೆತಕ್ಕೆ ಮೇಲಿಂದ ಕೆಳಗೆ. ನಾನು ದೂರ ನಿಂತು ನೋಡಿದೆ. ಕೂದಲೆಳೆ ಸೊಟ್ಟ ಇಲ್ಲ. ಮೂವತ್ತು ವರ್ಷ ಮೈದಾನಕ್ಕೆ ಗೆರೆ ಎಳೆದ ಕೈ. ನಾವೆಲ್ಲ ಅವಳು ಅಂಟಿಸಿದ ಗೆರೆಯೊಳಗೆ ಬಣ್ಣ ತುಂಬಿದೆವು. ಡ್ರೈವರಣ್ಣ ಒಂದು ಕಡೆ ಗೆರೆ ದಾಟಿದರು. ವಿಸಿಲ್.

ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡೆವು. ಈ ವಾರದಲ್ಲಿ ಇದೇ ಮೊದಲು. ಆದರೆ ಬ್ಯಾಗು ಇನ್ನೂ ಹಸಿರು ಕುರ್ಚಿಯ ಪಕ್ಕದಲ್ಲೇ ಇದೆ. ಜಿಪ್ ಹಾಕಿದೆ. ನೋಡಬಾರದು ಅಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತೆ.

ಅಕ್ಟೋಬರ್ 18, ಭಾನುವಾರ, ಬೆಳಿಗ್ಗೆ

ನೀಲಿಗೆ ಇನ್ನೊಂದು ಕೋಟ್ ಬೇಕಾಯಿತು. ಹಲ್ಲು ಕಚ್ಚಿಕೊಂಡು ಮುಗಿಸಿದೆ. ಮಗಳು ಬಿಳಿ ಹಾಸಿಗೆ ಬಟ್ಟೆ ಕಿತ್ತು ತನ್ನ ಕೆಂಪು ಹೊದಿಕೆ ತಂದು ಹಾಸಿದಳು.

ಇಷ್ಟು ಕೆಟ್ಟದಾಗಿರುವ ಕೋಣೆಯನ್ನು ನಾನು ಎಲ್ಲೂ ನೋಡಿಲ್ಲ. ನೀಲಿ, ಕೆಂಪು, ಹಳದಿ, ಕಂದು, ಒಂದಕ್ಕೊಂದು ಜಗಳ. ಲ್ಯಾಬಿನವರು ನೋಡಿದರೆ ಕೆಲಸದಿಂದ ತೆಗೆಯುತ್ತಾರೆ.

ಅದೇ ದಿನ, ಮಧ್ಯಾಹ್ನ 3:30

ಅಡುಗೆಮನೆ ಮೇಜಿನ ಹತ್ತಿರ ಕೂತಿದ್ದೇನೆ. ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಊಟ ಮುಗಿಸಿ ಎದ್ದಳು. ಬ್ಯಾಗು ಕೈಗೆ ತಗೊಂಡಳು. ಎದ್ದೆ. "ಯಾರೂ ಹಿಂದೆ ಬರ್ಬೇಡಿ" ಅಂದಳು. ನಡುಮನೆ ದಾಟಿದಳು. ನೀಲಿ ಬಾಗಿಲಿಗೆ ನೇರ ಹೋದಳು, ಗೋಡೆ ಸವರಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಟಕ್ — ಸ್ವಿಚ್ಚು. ಮೊದಲ ಸಲಕ್ಕೇ.

ಅರ್ಧ ಗಂಟೆ ಆಯಿತು. ಏನೋ ಸದ್ದು. ಜಿಪ್ಪಿನದ್ದಾ? ಬೀರು ತೆರೆದ ಹಾಗೆ... ಮುಚ್ಚಿದ ಹಾಗೆ... ಅಡ್ಡ ಬರಲ್ಲ ಅಂತ ಮಾತು ಕೊಟ್ಟಿದ್ದೇನೆ. ಬರಲ್ಲ. ಆದರೆ ಇರು ಅಮ್ಮಾ. ಇದ್ದುಬಿಡು. ಇಲ್ಲಿ ಬರೆಯುವುದಕ್ಕೇನು ಅಡ್ಡಿ.

ಕಾರು ನಿಂತ ಸದ್ದು. ತಂಗಿ. ಇವರು ಮುಂಬಾಗಿಲು ತೆಗೆದರು.

"ಅಮ್ಮ ಎಲ್ಲಿ? ಬ್ಯಾಗ್ ಎಲ್ಲಿ?"

ಅಮ್ಮ ಹೊರಗೆ ಬಂದಳು. ಇಲ್ಲಿಂದಲೇ ಕಾಣುತ್ತಿದ್ದಾಳೆ. ಕೈಯಲ್ಲಿ ಬ್ಯಾಗು. ತಂಗಿ ತಗೊಳ್ಳಲು ಕೈ ಚಾಚಿದಳು. ಅಮ್ಮ ಕೊಟ್ಟಳು. ತಂಗಿಯ ಕೈ ಸುಮ್ಮನೆ ಮೇಲಕ್ಕೆ ಹಾರಿತು, ಬ್ಯಾಗಿಗೆ ತೂಕವೇ ಇಲ್ಲ.

"ಅಟ್ಟದ ಮೇಲೆ ಹಾಕೋಕೆ ಹೇಳು ಅದನ್ನ," ಅಮ್ಮ ಅಂದಳು. "ನೀನು ಒಳಗೆ ಬಾ, ನನ್ನ ಕೋಣೆ ನೋಡು. ಹುಷಾರು, ಬಾಗಿಲು ಮುಟ್ಟಬೇಡ, ಬಣ್ಣ ಇನ್ನೂ ಹಸಿ —"

ಮುಟ್ಟಿದಳು. ವಿಸಿಲ್. ನಾನು ಒಂದು ಬಟ್ಟೆ ತಗೊಂಡು ಓಡಬೇಕು.