ದೊರೆಸಾನಿ ಹತ್ತಿರ ಬಂದಳು

ಭಾನುವಾರ, ಸಂಜೆ ಐದು ಗಂಟೆ

ನಮ್ಮ ಟೀಚರಮ್ಮನಿಗೆ,

ನೀನು ಅಕ್ಕನ ಮನೆ ಸೇರಿದ ಐದು ತಿಂಗಳಿಗೆ ನಿನ್ನ ಕಾಗದ ಬಂತು. ಇದ್ದದ್ದು ಮೂರೇ ಸಾಲು, ಮೂರೂ ನಮ್ಮ ಬೆಕ್ಕು ದೊರೆಸಾನಿಯ ಬಗ್ಗೆ. ನಿಮ್ಮ ಹತ್ತಿರ ಸುಳಿಯದ ಬೆಕ್ಕು ನಿಮಗ್ಯಾಕೆ, ಮುಂದಿನ ವಾರ ಬಂದು ಕರೆದೊಯ್ಯುತ್ತೇನೆ ಎಂದಿದ್ದೀಯ. ದಯವಿಟ್ಟು ಇದನ್ನು ಪೂರ್ತಿ ಓದಿ ಆಮೇಲೆ ತೀರ್ಮಾನಿಸು.

ನಾನು ಮಾಡಿದ್ದು ತಪ್ಪು. ನಮ್ಮ ಮಗಳು ಗುಬ್ಬಿ ತೀರಿಹೋದ ನಾಲ್ಕನೇ ದಿನ, ನೀನು ಆಸ್ಪತ್ರೆಯ ಕಾಗದಪತ್ರ ತರಲು ಹೋಗಿದ್ದಾಗ, ಮಗುವಿನ ಬಟ್ಟೆ, ಹೊದಿಕೆ, ದಿಂಬಿನ ಚೀಲ ಎಲ್ಲವನ್ನೂ ನಮ್ಮ ಲಾಂಡ್ರಿ ಅಂಗಡಿಗೆ ಒಯ್ದು ತೊಳೆದುಬಿಟ್ಟೆ. ಇಪ್ಪತ್ತು ವರ್ಷ ಊರವರ ಕೊಳೆ ತೆಗೆದ ಕೈ, ಸುಮ್ಮನೆ ಕೂರಲಿಲ್ಲ. ಜ್ವರದ ಬೆವರು, ಔಷಧಿಯ ಕಲೆ ಕಣ್ಣಿಗೆ ಬೀಳದಿದ್ದರೆ ನಿನಗೆ ಕೊಂಚ ಹಗುರವಾದೀತು ಎಂದುಕೊಂಡೆ. ಇಸ್ತ್ರಿ ಮಾಡಿ ಮಡಚಿಟ್ಟದ್ದನ್ನು ನೀನು ಒಂದೊಂದಾಗಿ ಮೂಗಿಗೆ ಹಿಡಿದು ನೋಡಿದೆ. "ಅವಳನ್ನ ಪೂರ್ತಿ ತೊಳೆದುಬಿಟ್ರಿ" ಎಂದೆ. ಅಷ್ಟೇ. ಮರುದಿನ ನೀನು ಹೊರಟುಹೋದೆ.

ದೊರೆಸಾನಿಯೂ ಅಂದಿನಿಂದ ನನ್ನ ಮುಖ ನೋಡಲಿಲ್ಲ. ನಾನು ಒಳಗೆ ಕಾಲಿಟ್ಟರೆ ಗುಬ್ಬಿಯ ಮಂಚದ ಕೆಳಗೆ ನುಸುಳುತ್ತಿದ್ದಳು. ಕೊನೆಗೆ ಪ್ರಾಣಿಗಳ ಡಾಕ್ಟರಮ್ಮನನ್ನು ಕೇಳಿದೆ. "ನೀವಾಗೇ ಮುಟ್ಟೋಕೆ ಹೋಗ್ಬೇಡಿ. ನೆಲದ ಮೇಲೆ ಕೂತ್ಕೊಳ್ಳಿ, ದುರುಗುಟ್ಟಿ ನೋಡ್ಬೇಡಿ, ನಿಧಾನಕ್ಕೆ ಕಣ್ಣು ಮುಚ್ಚಿ ತೆಗೀರಿ. ಆ ಸೋಪಿನ ವಾಸನೆ ಒಂಚೂರು ಕಮ್ಮಿ ಮಾಡ್ಕೊಳ್ಳಿ" ಎಂದರು. ಹಾಗೇ ಮಾಡಿದೆ. ದಿನವೂ ನೆಲದಲ್ಲಿ ಕೂತು, ಗೋಡೆ ನೋಡುತ್ತಾ, ಕಣ್ಣು ಮುಚ್ಚಿ ತೆರೆದೆ. ಇವನಿಗೆ ತಲೆ ಕೆಟ್ಟಿದೆ ಎಂಬಂತೆ ದೊರೆಸಾನಿ ಮೂತಿ ತಿರುಗಿಸುತ್ತಿದ್ದಳು. ನೀನಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಎರಡು ತಿಂಗಳಾದ ಮೇಲೆ ನಾನಿರುವಾಗಲೇ ಬಟ್ಟಲಿಗೆ ಬಾಯಿ ಹಾಕಿದಳು. ಕಳೆದ ತಿಂಗಳು ನನ್ನ ಹೆಬ್ಬೆರಳು ಮೂಸಿದಳು, ಸೀನಿದಳು, ಹೋದಳು.

ನಿನಗೆ ಹೇಳದ ಇನ್ನೊಂದು ಸಂಗತಿಯಿದೆ. ದಿನಾ ಮಧ್ಯಾಹ್ನ ಮೂರೂವರೆಗೆ, ಗುಬ್ಬಿ ಶಾಲೆಯಿಂದ ಬರುತ್ತಿದ್ದ ಹೊತ್ತಿಗೆ, ದೊರೆಸಾನಿ ಬಾಲ ನೆಟ್ಟಗೆ ಮಾಡಿಕೊಂಡು ಬಾಗಿಲಿಗೆ ಬರುತ್ತಾಳೆ. ಭಾನುವಾರವೂ ಬರುತ್ತಾಳೆ, ರಜೆ ಎಂದು ಅವಳಿಗೆ ಯಾರು ಹೇಳಬೇಕು? ತಲೆಯೆತ್ತಿ ನೋಡುತ್ತಾಳೆ, ನನ್ನ ಮುಖದ ಎತ್ತರಕ್ಕಲ್ಲ, ನನ್ನ ಎದೆಯ ಎತ್ತರಕ್ಕೆ. ಯಾರದೋ ಕಾಲಿಗೆ ಮೈಯುಜ್ಜುವ ಹಾಗೆ ಒಂದು ಸುತ್ತು ಸುತ್ತಿ, ಅವರ ಹಿಂದೆಯೇ ಎಂಬಂತೆ ಕೋಣೆಗೆ ನಡೆಯುತ್ತಾಳೆ. ಮೊದಲ ಸಲ ನೋಡಿದಾಗ ನಾನೂ ಬಾಗಿಲಾಚೆ ಇಣುಕಿದೆ. ಈಗ ಮೂರೂವರೆಗೆ ಮುಂಚೆ ಅಂಗಡಿಗೆ ಬೀಗ ಹಾಕಿ ಬಂದು ಬಾಗಿಲು ತೆರೆದಿಡುತ್ತೇನೆ. ಮುಚ್ಚುವ ಮುನ್ನ ಪಕ್ಕಕ್ಕೆ ಸರಿದು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹುಚ್ಚು ಅನ್ನು, ಪರವಾಗಿಲ್ಲ.

ಇವತ್ತು ಬಾಗಿಲಿನಿಂದ ಬಂದವಳು, ಬಾಗಿಲು ತೆರೆದಿಟ್ಟು ಗುಬ್ಬಿಯ ಕೋಣೆಯಲ್ಲಿ ಕೂತಿದ್ದ ನನ್ನ ತೊಡೆ ಹತ್ತಿದಳು. ಮುಂಗಾಲುಗಳಿಂದ ಒತ್ತುತ್ತಾ, ಗುರುಗುಟ್ಟುತ್ತಾ, ಅಲ್ಲೇ ನಿದ್ದೆ ಹೋದಳು. ಕಾಲು ಜೋಮು ಹಿಡಿದರೂ ನಾನು ಅಲ್ಲಾಡಲಿಲ್ಲ. ಅದಕ್ಕೇ ಅವಳನ್ನು ಕರೆದೊಯ್ಯಬೇಡ ಎನ್ನುತ್ತಿದ್ದೇನೆ. ಅವಳೂ ಹೋದರೆ ಈ ಮನೆಗೆ ಬರಲು ನಿನಗೆ ಯಾವ ಕಾರಣವೂ ಉಳಿಯುವುದಿಲ್ಲ. ನನ್ನ ಹೆದರಿಕೆ ಅದೇ.

ಈಗಲೂ ನಿನ್ನವನೇ ಆದ,
ಸೋಪಪ್ಪ

ಮರೆಮಾಚಿದ ಮಾತು: ಅಂಚೆ ಡಬ್ಬದವರೆಗೆ ಹೋಗಿ ಹಿಂದಿರುಗಿದೆ. ದೊರೆಸಾನಿ ಬಂದದ್ದು ನನ್ನ ಹತ್ತಿರ ಅಲ್ಲ. ನನ್ನ ತೊಡೆಯ ಮೇಲೆ ಗುಬ್ಬಿಯ ಹಸಿರು ಸ್ವೆಟರ್ ಇತ್ತು, ಕೊನೆಯ ವಾರ ಹಾಕಿಕೊಂಡಿದ್ದಳಲ್ಲ, ಅದು. ಅದೊಂದನ್ನು ನಾನು ತೊಳೆಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಯಾರೋ ಗಿರಾಕಿಯ ಚೀಟಿ ಅಂಟಿಸಿ, ಅಂಗಡಿಯ ಕಪಾಟಿನಲ್ಲಿ ಬಚ್ಚಿಟ್ಟಿದ್ದೆ. ನೀನು ಮಿಕ್ಕ ಬಟ್ಟೆ ಮೂಸಿ ಅಳುವಾಗಲೂ ಬಾಯಿ ಬಿಡಲಿಲ್ಲ. ಇಬ್ಬರು ಮೂಸಿದರೆ ಅವಳ ವಾಸನೆ ಬೇಗ ಮುಗಿದುಹೋಗುತ್ತದೆ ಎಂದು ಹೆದರಿದ್ದೆ. ಈಗ ಕೊರಳಪಟ್ಟಿಯ ಹತ್ತಿರ ಮಾತ್ರ ಒಂದಿಷ್ಟು ಉಳಿದಿದೆ. ಮುಂದಿನ ವಾರದವರೆಗೆ ಕಾಯಬೇಡ, ಕಾಗದ ಸಿಕ್ಕಿದ ದಿನವೇ ಬಾ.