ಮೋಡ ಕಾಯುತ್ತಿದ್ದವಳಿಗೆ

ನನ್ನ ಎದೆಲ್ಮಿರಾ,

ನೀನು ಹೋಗಿ ಮೂರು ವರ್ಷವಾದ ಮೇಲೆ ಒಂದು ಸುಳ್ಳನ್ನು ಒಪ್ಪಿಕೊಳ್ಳಲು ಕೂತಿದ್ದೇನೆ. ಕಾಫಿ ಆರಿಹೋಯಿತು, ಇರಲಿ.

ಆ ಆಗಸ್ಟ್ ಮಧ್ಯಾಹ್ನ ಕೊಲ್ಲಿ ತೀರದ ನಮ್ಮ ಲಾ ಪಾಸ್ ಊರೆಲ್ಲ ಏಸಿ ಹಾಕಿಕೊಂಡು ಮಲಗಿತ್ತು. ನಮ್ಮದೋ ಸಮುದ್ರ ಸುತ್ತಿದ ಒಂಟಿ ವಿದ್ಯುತ್ ಜಾಲ. ಕರೆಂಟು ಕಡಿಮೆ ಬಿದ್ದರೆ ಕೈ ಚಾಚಲು ನೆರೆಯವರಿಲ್ಲ. ಕಾಲೇಜಿನ ಇಂಗ್ಲಿಷ್ ಪುಸ್ತಕದಿಂದ ನನ್ನ ತಲೆಯಲ್ಲಿ ಉಳಿದದ್ದು ‘ಸ್ಪಿನ್ನಿಂಗ್ ರಿಸರ್ವ್’ ಎಂಬುದೊಂದೇ: ಬಿಸಿಲು ಎಷ್ಟೇ ಇರಲಿ, ಒಂದು ಡೀಸೆಲ್ ಯಂತ್ರ ಸುಮ್ಮನೆ ತಿರುಗುತ್ತ ಕಾದಿರಬೇಕು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ಎಣ್ಣೆ ಉಳಿಯಲಿ ಎಂದು ಕಂಟ್ರೋಲ್ ರೂಮಿನಲ್ಲಿ ಕೂತು ಆ ಯಂತ್ರವನ್ನು ನಿಲ್ಲಿಸಿದವನು ನಾನೇ.

ಎರಡೂವರೆಗೆ ಸೋಲಾರ್ ಬಯಲಿನ ಮೇಲೆ ಮೋಡ ಕೂತಿತು. ಪರದೆಯಲ್ಲಿ ಅರವತ್ತರಲ್ಲೇ ನಿಲ್ಲಬೇಕಾದ ಕರೆಂಟಿನ ಆವರ್ತನದ ಅಂಕಿ ಜಾರತೊಡಗಿತು. ನಿಂತ ಯಂತ್ರ ಎದ್ದೇಳಲು ಹನ್ನೆರಡು ನಿಮಿಷ ಬೇಕು. ನಮಗೆ ಒಂದು ನಿಮಿಷವೂ ಇರಲಿಲ್ಲ. ಒಂದು ಕೇರಿಯ ಕರೆಂಟು ತೆಗೆಯದಿದ್ದರೆ ಊರಿಗೆ ಊರೇ ಆರುತ್ತಿತ್ತು. ಸರದಿ ಪಟ್ಟಿಯಲ್ಲಿ ಮುಂದಿದ್ದದ್ದು ನಮ್ಮ ಕೇರಿ. ನಿನ್ನ ಉಸಿರಿನ ಯಂತ್ರ ಗೋಡೆಯ ಪ್ಲಗ್ಗಿಗೆ ಕಚ್ಚಿಕೊಂಡಿತ್ತು.

ಪಕ್ಕದ ಕುರ್ಚಿಯ ಬೆನಿಗ್ನೊಗೆ ಅದು ಗೊತ್ತಿತ್ತು. “ನಿನ್ನ ಕೇರಿ ಬಿಡೋ ಮುದುಕಾ, ಪಟ್ಟೀಲಿ ಅದರ ಕೆಳಗಿಂದರ ಗುಂಡಿ ಒತ್ತು. ಯಾರು ನೋಡ್ತಾರೆ?” ಅಂದ. ಕೆಳಗಿನ ಕೇರಿಯಲ್ಲಿ ಯಾರ ಮೂಗಿಗೆ ಯಾವ ನಳಿಗೆ ಇದೆಯೋ ನನಗೇನು ಗೊತ್ತು? ಮೊದಲೇ ಮನೆಗೆ ಫೋನ್ ಮಾಡುವಂತಿಲ್ಲ, ಅದು ನಮ್ಮ ಕಟ್ಟಳೆ. ನಮ್ಮದನ್ನೇ ಒತ್ತಿದೆ.

ಹದಿನಾಲ್ಕು ನಿಮಿಷ ಕೇರಿಗೆ ಕರೆಂಟಿಲ್ಲ. ಡಬ್ಬಿಯಲ್ಲಿ ನೀನು ಕಟ್ಟಿಕೊಟ್ಟ ಒಣಮಾಂಸದ ಮಚಾಕಾ ರೊಟ್ಟಿ. ಮುಟ್ಟಲಾಗಲಿಲ್ಲ.

ಸಂಜೆ ಓಡಿಬಂದರೆ ನೀನು ನಳಿಗೆಯನ್ನು ಆಮ್ಲಜನಕದ ಸಿಲಿಂಡರಿಗೆ ಬದಲಿಸಿಕೊಂಡು ಬೀನ್ಸಿನಲ್ಲಿ ಕಲ್ಲು ಆರಿಸುತ್ತಿದ್ದೆ. ತಂತಿಗೆ ಹಕ್ಕಿ ಬಡಿದು ಕರೆಂಟು ಹೋಯಿತಂತೆ ಎಂದೆ ನಾನು.

“ಯಾವ ಹಕ್ಕಿ?”

“ಪೆಲಿಕನ್ನು.”

“ಪಾಪ. ದೊಡ್ಡ ಹಕ್ಕಿ,” ಎಂದು ನೀನು ಮತ್ತೆ ಬೀನ್ಸಿಗೆ ತಲೆ ಬಗ್ಗಿಸಿದೆ.

ಮರುದಿನದಿಂದ ಕಂಟ್ರೋಲ್ ರೂಮಿಗೆ ನಿನ್ನ ಫೋನು ಶುರುವಾಯಿತು. ತಾರಸಿಯ ನೆರಳಲ್ಲಿ ಸಿಲಿಂಡರು ಪಕ್ಕಕ್ಕಿಟ್ಟುಕೊಂಡು, “ಎಲಿಯೋದೊರೊ, ಕೊಲ್ಲಿ ಕಡೆಯಿಂದ ನಿನ್ನ ಪೆಲಿಕನ್ ಬರ್ತಾ ಇದೆ ನೋಡು. ಬೆಳ್ಳಗೆ, ಭಾರಿ ದಪ್ಪ. ಯಂತ್ರ ತಿರುಗಿಸಿಡು,” ಅನ್ನುತ್ತಿದ್ದೆ. ಬೆನಿಗ್ನೊ ಬಿದ್ದು ಬಿದ್ದು ನಗುತ್ತಿದ್ದ. ನಾನು ಯಂತ್ರ ತಿರುಗಿಸಿಡುತ್ತಿದ್ದೆ. ನಾಲ್ಕು ಬೇಸಿಗೆ ಹೀಗೆಯೇ ಕಳೆಯಿತು. ನೀನು ಕ್ಷಮಿಸಿದ್ದೆಯೋ, ನನ್ನ ಮೇಲೆ ಕಾವಲು ಕೂತಿದ್ದೆಯೋ, ಕೇಳುವ ಧೈರ್ಯ ಬರಲೇ ಇಲ್ಲ.

ಈಗ ಮೋಡ ನೋಡಲು ಕ್ಯಾಮೆರಾ ಇದೆ, ಕೊರತೆ ತುಂಬಲು ಬ್ಯಾಟರಿ ಇದೆ. ಬೆನಿಗ್ನೊ ಮಾತ್ರ ಮೋಡ ಬಂದಾಗಲೆಲ್ಲ ದಿನಚರಿಯಲ್ಲಿ ‘ಪೆಲಿಕನ್’ ಎಂದೇ ಬರೆಯುತ್ತಾನಂತೆ.

ಹಕ್ಕಿ ಇರಲಿಲ್ಲ ಎದೆಲ್ಮಿರಾ. ಒತ್ತಿದವನು ನಾನು.

ಅಲ್ಲಿ ನಿನ್ನ ಉಸಿರು ಯಾರ ಬೆರಳಿನ ಹಂಗೂ ಇಲ್ಲದೆ ಆಡುತ್ತಿರಲಿ.

ತಾರಸಿಯಿಂದ, ನಿನ್ನದೇ ಕುರ್ಚಿಯಲ್ಲಿ ಕೂತು,
ನಿನ್ನ ಎಲಿಯೋದೊರೊ